ದಿನ ತುಂಬದ ಕೂಸು, ವಿಟಮಿನ್ ವರದಿ ಮತ್ತು ಸೋಂಕಿನ ಭಯ

ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಹೊರಗೆ ಈಚಿನ ವರ್ಷಗಳಲ್ಲಿ ಪದೇಪದೇ ಎದುರಾಗುವ ಪ್ರಶ್ನೆಯೊಂದಿದೆ. ಮಗು ಇಪ್ಪತ್ತೊಂಬತ್ತೋ ಮೂವತ್ತೋ ವಾರಕ್ಕೆ ಹುಟ್ಟಿರುತ್ತದೆ. ಎರಡನೆಯ ವಾರದಲ್ಲಿ ರಕ್ತಕ್ಕೆ ಸೋಂಕು ತಗುಲಿ ಆಂಟಿಬಯೋಟಿಕ್ ನಡೆಯುತ್ತಿರುತ್ತದೆ. ಅದೇ ಹೊತ್ತಿಗೆ ಬಂದ ವರದಿಯಲ್ಲಿ ವಿಟಮಿನ್ ಡಿ ಮಿಲಿಲೀಟರಿಗೆ 9 ನ್ಯಾನೋಗ್ರಾಂ ಎಂದು ದಪ್ಪಕ್ಷರದಲ್ಲಿ ನಮೂದಾಗಿರುತ್ತದೆ. "ಡಾಕ್ಟ್ರೇ, ವಿಟಮಿನ್ ಕಡಿಮೆ ಇದ್ದಿದ್ದಕ್ಕೇ ಇನ್‌ಫೆಕ್ಷನ್ ಆಯ್ತಾ? ಜಾಸ್ತಿ ಕೊಟ್ಟರೆ ಬೇಗ ವಾಸಿಯಾಗುತ್ತಾ?" ಎಂದು ತಂದೆತಾಯಿ ಕೇಳುತ್ತಾರೆ. ಮೊದಲನೆಯ ಪ್ರಶ್ನೆಗೆ ನನ್ನ ಉತ್ತರ "ಅದೊಂದೇ ಕಾರಣವಲ್ಲ" ಎಂದು. ಎರಡನೆಯದಕ್ಕೆ "ಇಲ್ಲ" ಎಂದು.

ಗರ್ಭದ ಕೊನೆಯ ಮೂರು ತಿಂಗಳು ತಾಯಿ ಮಗುವಿಗೆ ಬುತ್ತಿ ಕಟ್ಟುವ ಕಾಲ. ಮಗುವಿನ ಯಕೃತ್ತಿನಲ್ಲಿ ವಿಟಮಿನ್ ಎ ಸಂಗ್ರಹವಾಗುವುದು, ಮಾಸಿನ ಮೂಲಕ ವಿಟಮಿನ್ ಡಿ ಹೆಚ್ಚಾಗಿ ದಾಟುವುದು, ಮೂಳೆಗೆ ಸುಣ್ಣದಂಶ ಮತ್ತು ರಂಜಕ ಸೇರುವುದು ಬಹುಪಾಲು ಆಗಲೇ. ಏಳು ತಿಂಗಳಿಗೇ ಹುಟ್ಟಿದ ಮಗು ಈ ಬುತ್ತಿಯಿಲ್ಲದೆ ಹೊರಟುಬಂದಿರುತ್ತದೆ. ಇದರ ಜೊತೆಗೆ, ಹೊಕ್ಕುಳಬಳ್ಳಿಯ ರಕ್ತದಲ್ಲಿ ವಿಟಮಿನ್ ಡಿ ಪ್ರಮಾಣವು ತಾಯಿಯ ರಕ್ತದಲ್ಲಿರುವುದರ ಸುಮಾರು ಮೂರನೇ ಎರಡರಷ್ಟು ಮಾತ್ರ ಇರುವುದರಿಂದ, ತಾಯಿಯಲ್ಲಿ 15 ಇದ್ದರೆ ಮಗುವಿನಲ್ಲಿ 10ರ ಆಸುಪಾಸು ಇರುವುದು ಲೆಕ್ಕಕ್ಕೆ ಸರಿಯೇ ಆಗಿದೆ. ಬಿಸಿಲಿಗೆ ಬರವಿಲ್ಲದ ನಮ್ಮ ನಾಡಿನಲ್ಲೂ ಗರ್ಭಿಣಿಯರಲ್ಲಿ ಈ ಕೊರತೆ ವ್ಯಾಪಕವಾಗಿದೆ. ಹಾಗಾಗಿ 9 ಎಂಬ ಅಂಕಿ ನನ್ನನ್ನು ಬೆಚ್ಚಿಬೀಳಿಸುವುದಿಲ್ಲ.

ವಿಟಮಿನ್ ಡಿಗೂ ಸೋಂಕಿಗೂ ನಂಟಿದೆ ಎಂಬುದಕ್ಕೆ ಗಟ್ಟಿಯಾದ ಜೈವಿಕ ಆಧಾರವಿದೆ. ರೋಗಾಣುಗಳನ್ನು ನುಂಗುವ ಮ್ಯಾಕ್ರೊಫೇಜ್ ಎಂಬ ಕೋಶಗಳು ರಕ್ತದಲ್ಲಿರುವ ವಿಟಮಿನ್ ಡಿಯನ್ನು ತಮ್ಮೊಳಗೇ ಸಕ್ರಿಯ ರೂಪಕ್ಕೆ ಬದಲಿಸಿಕೊಂಡು, ಕ್ಯಾಥೆಲಿಸಿಡಿನ್ ಎಂಬ ಸೂಕ್ಷ್ಮಾಣುನಾಶಕ ಪ್ರೋಟೀನನ್ನು ತಯಾರಿಸುತ್ತವೆ. 2006ರಲ್ಲಿ ಪ್ರಕಟವಾದ ಅಮೆರಿಕದ ಸಂಶೋಧನೆಯೊಂದು ಇದನ್ನು ಕ್ಷಯದ ಬ್ಯಾಕ್ಟೀರಿಯಾ ಬಳಸಿ ತೋರಿಸಿಕೊಟ್ಟಿತು. ರಕ್ತಕ್ಕೆ ಸೋಂಕು ತಗುಲಿ ನಂಜೇರಿದ ನವಜಾತ ಶಿಶುಗಳಲ್ಲಿ ಆರೋಗ್ಯವಂತ ಶಿಶುಗಳಿಗಿಂತ ವಿಟಮಿನ್ ಡಿ ಕಡಿಮೆ ಇತ್ತೆಂದು ಅನಂತರ ಹಲವು ದೇಶಗಳ ವೈದ್ಯರು ವರದಿ ಮಾಡಿದರು.

ಆದರೆ ಇಂಥ ಅಧ್ಯಯನಗಳನ್ನು ಓದುವಾಗ ಎಚ್ಚರ ಬೇಕು. ಬೇಗ ಹುಟ್ಟಿದ ಮಗುವಿಗೆ ತಾಯಿಯಿಂದ ಬರದೇ ಹೋಗುವುದು ವಿಟಮಿನ್ ಮಾತ್ರವಲ್ಲ. ಸೋಂಕಿನ ವಿರುದ್ಧ ಕಾಯುವ ಐಜಿಜಿ ಪ್ರತಿಕಾಯಗಳೂ ಅದೇ ಕೊನೆಯ ವಾರಗಳಲ್ಲಿ ಬರಬೇಕಾಗಿದ್ದವು. ಅದರ ಚರ್ಮ ತೆಳು, ರಕ್ತನಾಳದಲ್ಲಿ ದಿನಗಟ್ಟಲೆ ಕ್ಯಾನುಲಾ ಎಂಬ ಸಣ್ಣ ನಳಿಕೆ ಅಥವಾ ಉದ್ದನೆಯ ಲೈನ್ ಇರುತ್ತದೆ, ಕೆಲವೊಮ್ಮೆ ಶ್ವಾಸನಾಳದಲ್ಲಿ ಕೊಳವೆಯೂ ಇರುತ್ತದೆ. ಒಂದೇ ಬೇರಿನಿಂದ ವಿಟಮಿನ್ ಕೊರತೆಯೂ ಸೋಂಕೂ ಹುಟ್ಟಿರುವಾಗ, ಒಂದು ಇನ್ನೊಂದಕ್ಕೆ ಕಾರಣವೆನ್ನುವುದು ಅವಸರದ ತೀರ್ಮಾನ. ಇನ್ನೂ ಒಂದು ತೊಡಕಿದೆ. ಸೋಂಕು ತಗುಲಿದಾಗ ವಿಟಮಿನ್‌ಗಳನ್ನು ಹೊತ್ತು ತಿರುಗುವ ಪ್ರೋಟೀನುಗಳೇ ರಕ್ತದಲ್ಲಿ ಇಳಿಯುತ್ತವೆ, ಅವುಗಳೊಂದಿಗೆ ವಿಟಮಿನ್ ಅಂಕಿಯೂ ಇಳಿಯುತ್ತದೆ. ವಿಟಮಿನ್ ಎ ವಿಷಯದಲ್ಲಂತೂ ಇದು ಬಹಳ ಸ್ಪಷ್ಟ. ಸೋಂಕಿನ ಉರಿಯೂತದ ನಡುವೆ ತೆಗೆದ ರಕ್ತದ ವರದಿಯು ಸೋಂಕಿಗೆ ಮುಂಚಿನ ಸ್ಥಿತಿಯನ್ನು ಹೇಳುತ್ತಿದೆ ಎಂದು ನಂಬುವಂತಿಲ್ಲ.

ಕೊಟ್ಟು ನೋಡಿದರೆ ಏನಾಗುತ್ತದೆ ಎಂಬುದೇ ನಿಜವಾದ ಪರೀಕ್ಷೆ. 1999ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಒಂದು ಕೆ.ಜಿ.ಗಿಂತ ಕಡಿಮೆ ತೂಕದ 807 ಶಿಶುಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಹೊರಬಂತು: ವಾರಕ್ಕೆ ಮೂರು ಬಾರಿಯಂತೆ ನಾಲ್ಕು ವಾರ ವಿಟಮಿನ್ ಎ ಚುಚ್ಚುಮದ್ದು ಕೊಟ್ಟಾಗ ಸಾವು ಅಥವಾ ದೀರ್ಘಕಾಲದ ಶ್ವಾಸಕೋಶದ ತೊಂದರೆ ಶೇ 62ರಿಂದ ಶೇ 55ಕ್ಕೆ ಇಳಿಯಿತಾದರೂ, ರಕ್ತದ ಸೋಂಕಿನಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ವಿಟಮಿನ್ ಇ ಕತೆ ಇದಕ್ಕಿಂತ ಕಠೋರವಾದದ್ದು. ಕಣ್ಣಿನ ರೆಟಿನಾದ ತೊಂದರೆಯಿಂದಲೂ ಮಿದುಳಿನ ರಕ್ತಸ್ರಾವದಿಂದಲೂ ಕಾಪಾಡಬಹುದೆಂಬ ಆಸೆಯಿಂದ 1970–80ರ ದಶಕಗಳಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಡಲಾಗುತ್ತಿತ್ತು. ರಕ್ತಸ್ರಾವ ಒಂದಿಷ್ಟು ತಗ್ಗಿದ್ದೂ ನಿಜ. ಆದರೆ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಮಕ್ಕಳಲ್ಲಿ ರಕ್ತದ ಸೋಂಕು ಹೆಚ್ಚಾಗಿತ್ತು. ಬಿಳಿ ರಕ್ತಕಣಗಳು ರೋಗಾಣುವನ್ನು ಸುಡಲು ಬಳಸುವ ಆಕ್ಸಿಡೀಕರಣ ಕ್ರಿಯೆಯನ್ನೇ ಅತಿಯಾದ ವಿಟಮಿನ್ ಇ ಮಂಕುಗೊಳಿಸುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ. ಅಮೆರಿಕದಲ್ಲಿ ಸರಿಯಾದ ಪೂರ್ವಪರೀಕ್ಷೆಯಿಲ್ಲದೆ ಮಾರುಕಟ್ಟೆಗೆ ಬಂದಿದ್ದ ಇ-ಫೆರಾಲ್ ಎಂಬ, ರಕ್ತನಾಳಕ್ಕೆ ಕೊಡುವ ವಿಟಮಿನ್ ಇ ಔಷಧವನ್ನು 38 ಶಿಶುಗಳ ಸಾವಿನ ಬಳಿಕ 1984ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಅಲ್ಲಿ ವಿಟಮಿನ್‌ಗಿಂತ ಅದನ್ನು ಕರಗಿಸಲು ಬೆರೆಸಿದ್ದ ಪಾಲಿಸಾರ್ಬೇಟ್ ಮೇಲೆಯೇ ಹೆಚ್ಚಿನ ಅನುಮಾನ ಬಿತ್ತು. "ವಿಟಮಿನ್ ತಾನೇ, ಸ್ವಲ್ಪ ಹೆಚ್ಚಾದರೇನಂತೆ" ಎನ್ನುವವರಿಗೆ ನಾನು ಈ ಎರಡೂ ಸಂಗತಿಗಳನ್ನು ಹೇಳುವುದುಂಟು.

ಹಾಗಾದರೆ ಡ್ರಾಪ್ಸ್ ಬೇಡವೇ? ಖಂಡಿತ ಬೇಕು, ಮುಖ್ಯವಾಗಿ ಮೂಳೆಗಾಗಿ. ಒಂದು ಲೀಟರ್ ಎದೆಹಾಲಿನಲ್ಲಿ ವಿಟಮಿನ್ ಡಿ ಸಾಮಾನ್ಯವಾಗಿ 50 ಯೂನಿಟ್ಟಿಗಿಂತ ಹೆಚ್ಚಿರುವುದಿಲ್ಲ, ಈ ಮಕ್ಕಳು ದಿನಕ್ಕೆ ಕುಡಿಯುವುದೋ ಕೆಲವೇ ನೂರು ಮಿಲಿಲೀಟರ್. ದೆಹಲಿಯ ಏಮ್ಸ್ ವೈದ್ಯರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 400 ಯೂನಿಟ್ ಪಡೆದ ಮಕ್ಕಳಿಗಿಂತ 800 ಯೂನಿಟ್ ಪಡೆದವರಲ್ಲಿ ಕೊರತೆ ಕಡಿಮೆಯಾಗಿತ್ತು, ಮೂಳೆಯ ಸಾಂದ್ರತೆಯಲ್ಲಿ ಮಾತ್ರ ಅಂತರವಿರಲಿಲ್ಲ. ಸಾಮಾನ್ಯವಾಗಿ ನಾವು ಬರೆಯುವುದು ಈ ಎರಡರ ನಡುವಿನ ಪ್ರಮಾಣವನ್ನೇ.

ಎಡವುವುದು ಹೆಚ್ಚಾಗಿ ಅಳತೆಯಲ್ಲಿ. ಅಂಗಡಿಯಲ್ಲಿ ಮಿಲಿಲೀಟರಿಗೆ 400 ಯೂನಿಟ್ ಇರುವ ಬಾಟಲಿಯೂ ಸಿಗುತ್ತದೆ, 800 ಇರುವುದೂ ಸಿಗುತ್ತದೆ. ಚೀಟಿಯಲ್ಲಿ "1 ಎಂಎಲ್" ಎಂದಷ್ಟೇ ಇದ್ದು, ಎರಡನೆಯ ಸಲ ಬೇರೆ ಕಂಪನಿಯ ಬಾಟಲಿ ಕೊಂಡರೆ ಮಗುವಿಗೆ ಹೋಗುವ ವಿಟಮಿನ್ ಇಮ್ಮಡಿಯಾಗುತ್ತದೆ. ಆದ್ದರಿಂದ ಬಿಡುಗಡೆಯ ದಿನ ಬಾಟಲಿಯನ್ನೂ ಅದರ ಡ್ರಾಪರನ್ನೂ ತರಿಸಿ, ಯಾವ ಗೆರೆಯವರೆಗೆ ಎಳೆಯಬೇಕೆಂದು ತಾಯಿಗೂ ಅಜ್ಜಿಗೂ ತೋರಿಸಿಯೇ ಕಳುಹಿಸಬೇಕು. ದೊಡ್ಡವರು ವಾರಕ್ಕೊಮ್ಮೆ ತೆಗೆದುಕೊಳ್ಳುವ 60,000 ಯೂನಿಟ್ಟಿನ ಪುಡಿ ಅಥವಾ ದ್ರವವು ಕೂಸಿನ ಔಷಧದ ಪಕ್ಕ ಇರಲೇಬಾರದು. ಅದರಿಂದ ರಕ್ತದಲ್ಲಿ ಕ್ಯಾಲ್ಸಿಯಂ ಏರಿದರೆ ವಾಂತಿ, ನಿರ್ಜಲತೆ, ಮೂತ್ರಪಿಂಡದ ತೊಂದರೆ ಬರುತ್ತವೆ.

ಎಳೆಬಿಸಿಲಿನ ಸಲಹೆ ಮನೆಯ ಹಿರಿಯರಿಂದ ಬಂದೇ ಬರುತ್ತದೆ. ಚರ್ಮದಲ್ಲಿ ವಿಟಮಿನ್ ಡಿ ಹುಟ್ಟಿಸುವ ಯುವಿ-ಬಿ ಕಿರಣಗಳು ಬೆಳಗಿನ ಎಳೆಬಿಸಿಲಿನಲ್ಲಿ ತೀರ ಕಡಿಮೆ, ಕಿಟಕಿಯ ಗಾಜನ್ನು ಅವು ದಾಟುವುದೂ ಇಲ್ಲವೆನ್ನಬಹುದು, ಒಂದೂವರೆ ಕೆ.ಜಿ.ಯ ಮಗುವಿನ ಬಟ್ಟೆ ಬಿಚ್ಚಿದರೆ ಮೈ ತಣ್ಣಗಾಗುವ ಅಪಾಯವೇ ಹೆಚ್ಚು. ಬಜೆ ತೇಯ್ದು ನೆಕ್ಕಿಸುವ ಪದ್ಧತಿಯನ್ನು ಮಾತ್ರ ನಾನು ಖಡಾಖಂಡಿತವಾಗಿ ಬೇಡವೆನ್ನುತ್ತೇನೆ, ಏಕೆಂದರೆ ತೇಯುವ ಕಲ್ಲಿನ ಮೇಲಿರುವ ರೋಗಾಣು ನೇರವಾಗಿ ಕರುಳಿಗಿಳಿಯುತ್ತದೆ.

ಸೋಂಕು ತಡೆಯುವ ವಿಚಾರದಲ್ಲಿ ನನ್ನ ಭರವಸೆ ಬೇರೆಡೆ ಇದೆ. ದೆಹಲಿಯ ಮೂರು ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಂಜಿಗೆ ಕಾರಣವಾದವುಗಳಲ್ಲಿ ಮುಂದಿದ್ದವು ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಮತ್ತು ಇ. ಕೊಲೈ, ಇವುಗಳಲ್ಲಿ ಬಹಳಷ್ಟು ಹಲವು ಔಷಧಗಳಿಗೆ ಬಗ್ಗದವು. ಇವು ಹೆಚ್ಚಾಗಿ ಹರಡುವುದು ನಮ್ಮ ಕೈಗಳಿಂದ, ಸಿಂಕಿನಿಂದ, ಉಪಕರಣಗಳಿಂದ. ಕೈ ತೊಳೆಯುವುದು, ಅಗತ್ಯ ಮುಗಿದ ದಿನವೇ ಲೈನ್ ತೆಗೆಯುವುದು, ಮೊದಲ ದಿನದಿಂದಲೇ ತಾಯಿಯ ಗಿಣ್ಣುಹಾಲು, ಎದೆಗೆ ಎದೆ ತಾಗಿಸುವ ಕಾಂಗರೂ ಆರೈಕೆ ಇವುಗಳಿಗೆ ಸಾಟಿಯಾದ ಡ್ರಾಪ್ಸ್ ಇಲ್ಲ. ಭಾರತವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಆರಂಭಿಸಿದಾಗ ಮೊದಲ 28 ದಿನಗಳ ಸಾವು ಶೇ 15.7ರ ಬದಲು ಶೇ 12ರಷ್ಟಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಈ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಯಿಂದ ಮನೆಯವರೆಗೆ ವಿಸ್ತರಿಸಿದ ಅನುಭವವಿದೆ.

ಇನ್ನು, ವರದಿ ಬಂದ ಮೇಲೆ ವಾರವಾರವೂ ಪರೀಕ್ಷೆ ಮಾಡಿಸಿ ಎಂಬ ಒತ್ತಾಯ. ಒಂದು ಕೆ.ಜಿ. ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 90 ಮಿಲಿಲೀಟರ್. ಅದರಿಂದ ಎರಡು ಮಿಲಿಲೀಟರ್ ತೆಗೆದರೆ ದೊಡ್ಡವರಿಂದ ನೂರು ಮಿಲಿಲೀಟರಿಗೂ ಹೆಚ್ಚು ತೆಗೆದಂತಾಯಿತು. ಮೂಳೆ ಸವಕಲಾಗುತ್ತಿರುವ ಸೂಚನೆ, ಪಿತ್ತ ಕಟ್ಟಿಕೊಂಡ ಕಾಮಾಲೆ ಅಥವಾ ತಾಯಿಯಲ್ಲೇ ತೀವ್ರ ಕೊರತೆ ಇದ್ದಾಗ ಪರೀಕ್ಷೆ ಮಾಡಿಸುತ್ತೇನೆ. ಉಳಿದಂತೆ, ಸೋಂಕಿನ ನಡುವೆ 9 ಎಂದು ಬಂದ ಮಗುವಿಗೆ ನಿಗದಿತ ಪ್ರಮಾಣದ ಡ್ರಾಪ್ಸ್ ಮುಂದುವರಿಸಿ, ಸೋಂಕು ಪೂರ್ತಿ ಇಳಿದು ಮಗು ಹಾಲು ಕುಡಿದು ತೂಕ ಹೆಚ್ಚಿಸಿಕೊಳ್ಳತೊಡಗಿದ ಮೇಲೆ, ಬೇರೆ ಕಾರಣಕ್ಕೆ ರಕ್ತ ತೆಗೆಯುವ ದಿನವೇ ಅದನ್ನೂ ಸೇರಿಸಿ ನೋಡಿದರೆ ಸಾಕು.