ಕಿಟ್ಟೆಲ್ ಹುಟ್ಟುವ ಮೊದಲೇ ಮುಗಿದಿದ್ದ ಬೈಬಲ್

ಧಾರವಾಡದಲ್ಲಿ ನಿಘಂಟಿನ ಪಾದ್ರಿ ಕಿಟ್ಟೆಲ್ ಹೆಸರಿನ ಕಾಲೇಜಿದೆ. ಅದಕ್ಕೋ ಏನೋ, ಕನ್ನಡ ಬೈಬಲ್ಲನ್ನೂ ಅವರ ಲೆಕ್ಕಕ್ಕೇ ಬರೆದುಬಿಡುವ ರೂಢಿ ಬಿದ್ದಿದೆ. ಇಸವಿಗಳನ್ನು ಪಕ್ಕಪಕ್ಕ ಇಟ್ಟರೆ ಅದು ಕೂಡಿ ಬರುವುದಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು, ಮುಂದೆ ವಿಲಿಯಂ ರೀವ್ ಜೊತೆಯಾದರು, 1831ಕ್ಕೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಫರ್ಡಿನಾಂಡ್ ಕಿಟ್ಟೆಲ್ ಜರ್ಮನಿಯಲ್ಲಿ ಹುಟ್ಟಿದ್ದೇ 1832ರಲ್ಲಿ.

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಧಾರವಾಡಕ್ಕೆ ಕಾಲಿಟ್ಟದ್ದು 1837, ಹುಬ್ಬಳ್ಳಿಗೆ 1839, ಗದಗದ ಬೆಟಗೇರಿಗೆ 1841. ಬಳ್ಳಾರಿಯ ಅನುವಾದವನ್ನು ತಿದ್ದುವ ಕೆಲಸಕ್ಕೆ ಈ ಮಿಷನ್ನಿನ ವೈಗ್ಲೆ ಕೈಹಾಕಿದರು, 1855ರಲ್ಲಿ ತೀರಿಹೋದರು. ತಿದ್ದುವುದೆಂದರೆ ಅಕ್ಷರದೋಷ ನೋಡುವುದಲ್ಲ. ಹೀಬ್ರೂ, ಗ್ರೀಕ್ ಮೂಲ ಎದುರಿಗಿಟ್ಟುಕೊಂಡು ಪಾದ್ರಿ ಕರಡು ಬರೆಯಬೇಕು, ಮುನ್ಷಿ, ಅಂದರೆ ಪಾದ್ರಿಗೆ ನೆರವಾಗುವ ಕನ್ನಡ ಪಂಡಿತ, ಅದನ್ನು ಗಟ್ಟಿಯಾಗಿ ಓದಬೇಕು, ಕಿವಿಗೆ ಒಗ್ಗದ ಕಡೆ ವಾಕ್ಯ ಮುರಿದು ಮತ್ತೆ ಕಟ್ಟಬೇಕು. ಆ ಮುನ್ಷಿಗಳ ಹೆಸರಿನ ಕಟ್ಟಡ ನಮ್ಮ ಕಡೆ ಕಾಣಸಿಗುವುದಿಲ್ಲ.

ತೊಡಕು ಬರುವುದು ಪದಗಳಲ್ಲಿ. ಹೀಬ್ರೂವಿನ 'ಓಲಾ' ಎಂದರೆ, ಚರ್ಮವೊಂದನ್ನು ಬಿಟ್ಟು ಇಡೀ ಪ್ರಾಣಿಯನ್ನು ಬೆಂಕಿಗೆ ಕೊಡುವುದು. ಉಣ್ಣುವವರಿಗೆ ಏನೂ ಉಳಿಯದು. ಇದನ್ನು 'ಬಲಿ' ಎಂದರೆ ನಮ್ಮವರ ಕಣ್ಣಿಗೆ ದ್ಯಾಮವ್ವನ ಜಾತ್ರೆ ಕಟ್ಟುತ್ತದೆ. ಅಲ್ಲಿ ಕುರಿ ಬಿದ್ದ ಮೇಲೆ ಊಟ ಇದ್ದೇ ಇದೆ. ಕನ್ನಡ ಬೈಬಲ್ಲಿನಲ್ಲಿ ನಿಂತ ಮಾತು 'ಸರ್ವಾಂಗಹೋಮ'. ಅರ್ಥ ಚೊಕ್ಕ, ಆದರೆ ವೈದಿಕರ ಮನೆಯದು. ಬಂದವರೂ ಕೂತು ಉಣ್ಣುವ ಬಗೆಯ ಬಲಿಗೆ 'ಸಮಾಧಾನಯಜ್ಞ' ಎಂದರು. ಜಾತ್ರೆಗೆ ಹತ್ತಿರದ್ದು ಇದು.

ಕಿಟ್ಟೆಲ್ ಕಥೆ ಈ ತೊಡಕಿನ ಒಳಗೇ ಬೆಳೆಯುತ್ತದೆ. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದವರು ಒಂಬತ್ತೇ ವರ್ಷಕ್ಕೆ ಕ್ರಿಸ್ತನ ಬದುಕನ್ನು ಕನ್ನಡ ಛಂದಸ್ಸಿಗೆ ಹೊಂದಿಸಿ 'ಕಥಾಮಾಲೆ' ತಂದರು. 1872ರಲ್ಲಿ ಯಜ್ಞದ ಮೇಲೆಯೇ ಒಂದು ಹೊತ್ತಗೆ ಬರೆದರು. ಅದೇ ವರ್ಷ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ' ಸಂಪಾದಿಸಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ನಿಘಂಟು ಹೊರಬಿತ್ತು: ಸುಮಾರು 70,000 ಪದ, 1,700ಕ್ಕೂ ಮಿಕ್ಕಿದ ಪುಟ, ನಡುನಡುವೆ ಗಾದೆ. ಮೈಸೂರು ಸೀಮೆಯ ಬಳಕೆಗೊಂದು ಗುರುತು, ಆಗ ದಕ್ಷಿಣ ಮರಾಠಾ ಸೀಮೆ ಎನಿಸಿಕೊಂಡಿದ್ದ ನಮ್ಮ ಕಡೆಯ ಬಳಕೆಗೊಂದು ಗುರುತು. ನಿಘಂಟಿನೊಳಗೆ ಹೀಗೆ ಜಾಗ ಸಿಕ್ಕ ಧಾರವಾಡದ ಮಾತಿಗೆ ಬೈಬಲ್ಲಿನೊಳಗೆ ಸಿಕ್ಕಿದ್ದು ಕಡಿಮೆಯೇ. ಕಿಟ್ಟೆಲ್ 1903ರಲ್ಲಿ ಟ್ಯೂಬಿಂಗನ್‌ನಲ್ಲಿ ತೀರಿಕೊಂಡರು.

ಈಗ ಪ್ರಾಟೆಸ್ಟಂಟರ ಬಳಿಯ ಹಳೆಯ ಅನುವಾದದಲ್ಲಿ 'ಸುವಾರ್ತೆ', ಕಥೋಲಿಕರಲ್ಲಿ 'ಶುಭಸಂದೇಶ'. ಅಲ್ಲಿ ಯೇಸು 'ಹೇಳಿದನು', ಇಲ್ಲಿ ಯೇಸುಸ್ವಾಮಿ 'ಹೇಳಿದರು'. ಹಳೆಯದರ ಏಕವಚನ ಒರಟೆಂದು ದೂರುವವರು ಮೊದಲ ವಾಕ್ಯವನ್ನೇ ಇನ್ನೊಮ್ಮೆ ನೋಡಬೇಕು: 'ಆದಿಯಲ್ಲಿ ದೇವರು ಆಕಾಶವನ್ನೂ ಭೂಮಿಯನ್ನೂ ಉಂಟುಮಾಡಿದನು.' ಕರ್ತೃ 'ದೇವರು', ಕ್ರಿಯಾಪದ 'ನು'. ಶಾಲೆಯ ಮಾಸ್ತರರು ಕೆಂಪು ಗೆರೆ ಎಳೆಯುವಂಥದು. ಹೀಬ್ರೂವಿನಲ್ಲೂ ಹೀಗೇ ಇದೆ: 'ಎಲೋಹೀಮ್' ಬಹುವಚನದ ರೂಪ, 'ಬಾರಾ' ಏಕವಚನ.