ಅರವತ್ತು ಪುಟ ಅಡ್ಡ ಮಲಗಿದ್ದು ಯಾಕೆ?

ಧಾರವಾಡದಲ್ಲಿ ಪಿಎಚ್‌ಡಿ ಪ್ರಬಂಧ ಸಲ್ಲಿಸುವ ಕೊನೆಯ ದಿನಗಳೆಂದರೆ ನಮ್ಮಂಥ ಡಿಟಿಪಿ ಅಂಗಡಿಗಳಿಗೆ ಸುಗ್ಗಿ. ಅಂಥ ಒಂದು ಸಂಜೆ. ತರಿಸಿದ ಚಹಾ ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ, ಒಬ್ಬ ಹುಡುಗಿ ಪೆನ್‌ಡ್ರೈವ್ ಹಿಡಿದು ಬಂದಳು. ಅಳುವುದೊಂದೇ ಬಾಕಿ.

“ಕಾಕಾ, ಸುಮ್ನ ಒಂದು ಖಾಲಿ ಸಾಲು ಅಳಿಸಿದ್ನಿರಿ. ಎಲ್ಲಾ ಪುಟ ಅಡ್ಡ ಮಲಗ್ಯಾವ್ರಿ.”

“ಸೇವ್ ಮಾಡಿ ಬಂದ್ ಮಾಡಿದ್ಯೇನವಾ?”

“ಹೌದ್ರಿ.”

ಅಲ್ಲಿಗೆ ಮಾಡಿದ್ದನ್ನು ರದ್ದು ಮಾಡುವ ಕಂಟ್ರೋಲ್ ಜೆಡ್ ದಾರಿ ಮುಚ್ಚಿತು. ಫೈಲ್ ತೆರೆದು ನೋಡಿದೆ. ಹಾವೇರಿ ಜಿಲ್ಲೆಯ ಮೆಣಸಿನಕಾಯಿ ಬೆಳೆಗಾರರ ಮೇಲಿನ ಪ್ರಬಂಧ. ನಾಲ್ಕನೇ ಅಧ್ಯಾಯದಲ್ಲಿ ಹನ್ನೊಂದು ಕಾಲಮ್ಮಿನ ಒಂದು ದೊಡ್ಡ ಕೋಷ್ಟಕ ಇತ್ತು. ಅದೊಂದೇ ಪುಟ ಅಡ್ಡ ಇರಬೇಕಿತ್ತು. ಈಗ ಅದರ ಹಿಂದಿನ ಅರವತ್ತು ಪುಟಗಳೂ ಅಡ್ಡ ಮಲಗಿದ್ದವು. ವಿಚಿತ್ರ ಅಂದರೆ, ಕೋಷ್ಟಕ ಮುಗಿದ ಮೇಲಿನ ಪುಟಗಳಿಗೆ ಏನೂ ಆಗಿರಲಿಲ್ಲ. ಅವು ನೆಟ್ಟಗೆ ನಿಂತಿದ್ದವು.

ಹಿಂದಿನವು ಮಾತ್ರ ಯಾಕೆ ಮಲಗಿದವು? ಅವಳು ಅಳಿಸಿದ್ದು ಕೋಷ್ಟಕದ ಮೇಲಿದ್ದ ಸಾಲು. ಕೆಟ್ಟರೆ ಕೋಷ್ಟಕ ಕೆಡಬೇಕು, ಅಲ್ವಾ? ಪ್ರಬಂಧ ಇದ್ದ ತಂತ್ರಾಂಶ ಮೈಕ್ರೋಸಾಫ್ಟ್ ವರ್ಡ್ ಇಲ್ಲಿ ತಪ್ಪು ಮಾಡಿರಲಿಲ್ಲ. ತನ್ನ ನಿಯಮದ ಪ್ರಕಾರವೇ ನಡೆದುಕೊಂಡಿತ್ತು. ಆ ನಿಯಮ ಗೊತ್ತಾದರೆ ವರ್ಡ್, ವರ್ಡ್‌ಪರ್ಫೆಕ್ಟ್, ಲಿಬ್ರೆ ಆಫೀಸ್ ರೈಟರ್ ಈ ಮೂರು ಬರಹ ತಂತ್ರಾಂಶಗಳ ನಡುವಿನ ಅರ್ಧ ಜಗಳ ಅರ್ಥವಾಗುತ್ತದೆ. ದಪ್ಪ, ಓರೆ, ಅಡಿಗೆರೆ ಎಲ್ಲ ತಂತ್ರಾಂಶದಲ್ಲೂ ಇವೆ. ಆ ಸೂಚನೆಯನ್ನು ಯಾವ ಜಾಗದಲ್ಲಿ ಬಚ್ಚಿಡುತ್ತವೆ ಅನ್ನುವುದರಲ್ಲೇ ಅವು ಬೇರೆಯಾಗುವುದು.

ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್, 8 ಒಟ್ಟಿಗೆ ಒತ್ತಿ ನೋಡಿ. ಪ್ರತಿ ಪ್ಯಾರಾದ ಕೊನೆಗೆ ಹಿಂದುಮುಂದಾದ ಇಂಗ್ಲಿಷ್ ಪಿ ಥರದ ಗುರುತು ಕಾಣುತ್ತದೆ. ನಾವು ಎಂಟರ್ ಒತ್ತಿದಾಗ ಹುಟ್ಟುವುದು ಅದೇ. ಪ್ಯಾರಾದ ಅಂಚು, ಸಾಲಿನ ಅಂತರ, ಶೈಲಿಯ ಹೆಸರು ಎಲ್ಲ ಆ ಗುರುತಿನ ಹೊಟ್ಟೆಯಲ್ಲಿರುತ್ತವೆ. ಪುಟದ ಸಂಗತಿಯೂ ಹಾಗೇ. ಪುಟ ಉದ್ದವೋ ಅಡ್ಡವೋ, ಅಂಚು ಎಷ್ಟು ಅನ್ನುವುದು ಸೆಕ್ಷನ್ ಬ್ರೇಕಿನಲ್ಲಿ, ಅಂದರೆ ಬರಹವನ್ನು ಭಾಗ ಮಾಡುವ ಗುರುತಿನಲ್ಲಿ ಇರುತ್ತದೆ. ಮತ್ತು ಸೆಕ್ಷನ್ ಬ್ರೇಕ್ ಹೇಳುವುದು ತನ್ನ ಹಿಂದಿನ ಪುಟಗಳ ಬಗ್ಗೆ, ಮುಂದಿನವುಗಳ ಬಗ್ಗೆ ಅಲ್ಲ.

ಹುಬ್ಬಳ್ಳಿ ಯಾರ್ಡಿನಲ್ಲಿ ಗೂಡ್ಸ್ ಗಾಡಿ ನೋಡಿದವರಿಗೆ ಗೊತ್ತು, ಗಾರ್ಡಿನ ಡಬ್ಬಿ ಕೊನೆಗೆ ಇರುತ್ತದೆ. ಇಡೀ ಗಾಡಿಯ ಕಾಗದಪತ್ರ ಅದರಲ್ಲೇ ಇದೆ ಅಂದುಕೊಳ್ಳಿ. ಆ ಡಬ್ಬಿ ಕಳಚಿ, ಉಳಿದ ಗಾಡಿಯನ್ನು ಹಿಂದೆ ನಿಂತ ಇನ್ನೊಂದು ಗಾಡಿಗೆ ಜೋಡಿಸಿದರೆ? ಈಗ ಎರಡೂ ಸೇರಿ ಒಂದೇ ಗಾಡಿ, ಮತ್ತು ಅದಕ್ಕೆ ಉಳಿದಿರುವುದು ಎರಡನೇ ಗಾರ್ಡ್ ಒಬ್ಬನೇ. ಅವನ ಕಾಗದದಲ್ಲಿ ‘ಅಡ್ಡ’ ಅಂತ ಬರೆದಿದ್ದರೆ ಎಲ್ಲವೂ ಅಡ್ಡ. ಹುಡುಗಿ ಖಾಲಿ ಸಾಲು ಅಂದುಕೊಂಡು ಅಳಿಸಿದ್ದು ಮೊದಲನೇ ಗಾರ್ಡನ್ನು.

ನಂಬಿಕೆ ಬರದಿದ್ದರೆ ಕಣ್ಣಾರೆ ನೋಡಬಹುದು. 2007ರಿಂದ ವರ್ಡ್ ಬಳಸುವ ಡಾಕ್ಸ್ ಫೈಲ್ ನಿಜಕ್ಕೂ ಒಂದು ಜಿಪ್ ಗಂಟು. ಒಂದು ನಕಲು ಮಾಡಿ, ಹೆಸರಿನ ಬಾಲದಲ್ಲಿ ಜಿಪ್ ಅಂತ ಬರೆದು ಬಿಚ್ಚಿ. ಒಳಗೆ ಡಾಕ್ಯುಮೆಂಟ್ ಹೆಸರಿನ ಎಕ್ಸ್‌ಎಂಎಲ್ ಕಡತ ಸಿಗುತ್ತದೆ. ಅದರಲ್ಲಿ ಪ್ರತಿ ಸೆಕ್ಷನ್ನಿನ ವಿವರ ಆ ಸೆಕ್ಷನ್ನಿನ ಕೊನೆಯ ಪ್ಯಾರಾದಲ್ಲಿ ಕೂತಿರುತ್ತದೆ. ಕೊಟ್ಟಕೊನೆಯ ಸೆಕ್ಷನ್ನಿನದು ಮಾತ್ರ ಕಡತದ ತುದಿಯಲ್ಲಿ. ಇನ್ನೊಂದು ತಮಾಷೆ: ಅಕ್ಷರದ ಅಳತೆ 12 ಅಂತ ಕೊಟ್ಟರೆ ಒಳಗೆ 24 ಅಂತ ಬರೆದಿರುತ್ತದೆ. ಅದು ಅರ್ಧ ಪಾಯಿಂಟಿನ ಲೆಕ್ಕ.

ನಾನು ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿತಾಗ ಈ ಯಾವ ಗುಟ್ಟೂ ಇರಲಿಲ್ಲ. ಆಗ ವರ್ಡ್‌ಸ್ಟಾರ್. 1978ರಲ್ಲಿ ಬಂದ ತಂತ್ರಾಂಶ ಅದು. ದಪ್ಪ ಬೇಕಾದರೆ ಕಂಟ್ರೋಲ್ ಪಿ, ಆಮೇಲೆ ಬಿ. ಪದ ಬರೆದು ಮತ್ತೆ ಅದನ್ನೇ ಒತ್ತಬೇಕು. ಎರಡನೇ ಸಲ ಮರೆತರೆ ಮುಂದಿನದೆಲ್ಲ ದಪ್ಪ. ಹೊಸ ಪುಟಕ್ಕೆ ಸಾಲಿನ ಮೊದಲಲ್ಲಿ ಒಂದು ಚುಕ್ಕಿ ಇಟ್ಟು ಪಿ, ಎ ಅಂತ ಬರೆಯುತ್ತಿದ್ದೆವು. ಎಲ್ಲ ಸೂಚನೆಯೂ ಕಣ್ಣೆದುರೇ. ಕಾಣುವುದು ಕುರೂಪ, ಆದರೆ ಮೋಸ ಇಲ್ಲ.

ವರ್ಡ್‌ಪರ್ಫೆಕ್ಟ್ ಇದೇ ಜಾತಿಯದು, ಆದರೆ ಜಾಣ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲನ್ ಆಶ್ಟನ್ ಮತ್ತು ವಿದ್ಯಾರ್ಥಿ ಬ್ರೂಸ್ ಬಾಸ್ಟಿಯನ್ ಸೇರಿ 1979ರಲ್ಲಿ ಶುರು ಮಾಡಿದ ಕೆಲಸ. ಮೊದಲ ಗಿರಾಕಿ ಓರೆಮ್ ಎಂಬ ಊರಿನ ನಗರಾಡಳಿತ. 1989ರ 5.1 ಆವೃತ್ತಿಯ ಹೊತ್ತಿಗೆ ಅದೇ ರಾಜ. ಅದರಲ್ಲಿ ಆಲ್ಟ್ ಮತ್ತು ಎಫ್ 3 ಒತ್ತಿದರೆ ಪರದೆ ಎರಡಾಗುತ್ತಿತ್ತು. ಮೇಲೆ ಬರಹ, ಕೆಳಗೆ ಅದೇ ಬರಹ, ಆದರೆ ಸೂಚನೆಗಳ ಸಮೇತ. ‘ಇಲ್ಲಿ ದಪ್ಪ ಶುರು’, ‘ಇಲ್ಲಿ ಮುಗಿಯಿತು’, ‘ಇಲ್ಲಿಂದ ಅಂಚು ಬದಲು’. ಇದಕ್ಕೆ ರಿವೀಲ್ ಕೋಡ್ಸ್ ಅಂತ ಹೆಸರು. ಏನಾದರೂ ಕೆಟ್ಟರೆ ಕೆಳಗೆ ನೋಡಿ, ಬೇಡದ ಕೋಡ್ ಅಳಿಸಿದರೆ ಮುಗೀತು. ನವಲಗುಂದದ ಕಡೆ ಮಲಪ್ರಭಾ ಕಾಲುವೆಗೆ ಗೇಟು ಇದ್ದಂತೆ. ತೆಗೆದಲ್ಲಿಂದ ನೀರು ಹರಿಯುತ್ತದೆ, ಮುಚ್ಚಿದಲ್ಲಿ ನಿಲ್ಲುತ್ತದೆ. ಹೊಲ ಒಣಗಿದರೆ ಯಾವ ಗೇಟು ಅಂತ ಹುಡುಕಿದರೆ ಸಾಕು. ಅಮೆರಿಕದ ವಕೀಲರು ವರ್ಡ್ ಬಂದು ಎಷ್ಟೋ ಕಾಲವಾದರೂ ವರ್ಡ್‌ಪರ್ಫೆಕ್ಟ್ ಬಿಡದೆ ಅಂಟಿಕೊಂಡಿದ್ದಕ್ಕೆ ಇದೂ ಒಂದು ಕಾರಣ.

“ಹಂಗಾದ್ರ ವರ್ಡ್‌ನ್ಯಾಗ ಆ ಕೋಡ್ ಯಾಕ ತೋರ್ಸಂಗಿಲ್ರಿ?” ಅಂತ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ: ತೋರಿಸಲು ಅಲ್ಲಿ ಅಂಥ ಕೋಡೇ ಇಲ್ಲ.

ವರ್ಡ್‌ನ ಮನೆತನ ಬೇರೆ. 1974ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮತ್ತಿತರರು ಬ್ರಾವೊ ಅನ್ನುವ ತಂತ್ರಾಂಶ ಬರೆದರು. ಪರದೆಯ ಮೇಲೆ ಕಂಡದ್ದೇ ಕಾಗದದ ಮೇಲೆ ಬರಬೇಕು ಅನ್ನುವುದು ಅದರ ಹಟ. ಬ್ರಾವೊದಲ್ಲಿ ಅಕ್ಷರಕ್ಕೊಂದು ರೂಪ, ಪ್ಯಾರಾಕ್ಕೊಂದು ರೂಪ. ಸಾಲಿನ ನಡುವೆ ಶುರು-ಮುಗಿಯಿತು ಅನ್ನುವ ಗೇಟುಗಳಿಲ್ಲ. ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದರು. 1983ರಲ್ಲಿ ವರ್ಡ್ ಬಂತು. ಈಗಲೂ ವರ್ಡ್‌ನಲ್ಲಿ ಶಿಫ್ಟ್ ಮತ್ತು ಎಫ್ 1 ಒತ್ತಿದರೆ ‘ಈ ಅಕ್ಷರ ಹೀಗಿದೆ, ಈ ಪ್ಯಾರಾ ಹೀಗಿದೆ’ ಅಂತ ಪಕ್ಕದಲ್ಲಿ ಪಟ್ಟಿ ಬರುತ್ತದೆ. ಆದರೆ ಗೇಟು ಎಲ್ಲಿದೆ ಅಂತ ಅದು ಹೇಳಲಾರದು.

ಲಿಬ್ರೆ ಆಫೀಸಿನ ರೈಟರ್ ಮೂರನೇ ದಾರಿ. ಇದರ ಅಜ್ಜ 1985ರ ಜರ್ಮನಿಯ ಸ್ಟಾರ್‌ರೈಟರ್. ಸನ್ ಕಂಪನಿ 1999ರಲ್ಲಿ ಅದನ್ನು ಕೊಂಡು, ಮುಂದಿನ ವರ್ಷ ಮೂಲಸಂಕೇತ ಎಲ್ಲರಿಗೂ ಬಿಟ್ಟಿತು. 2010ರಲ್ಲಿ ಅದರಿಂದ ಕವಲೊಡೆದದ್ದು ಲಿಬ್ರೆ ಆಫೀಸ್. ಇಲ್ಲಿ ಪುಟಕ್ಕೂ ಹೆಸರಿಟ್ಟ ಶೈಲಿ ಇದೆ: ಮೊದಲ ಪುಟ, ಸಾಮಾನ್ಯ ಪುಟ, ಅಡ್ಡ ಪುಟ. ‘ಈ ಪ್ಯಾರಾದಿಂದ ಹೊಸ ಪುಟ, ಅದು ಅಡ್ಡ ಪುಟ’ ಅನ್ನುವ ಸೂಚನೆ ಬರುವುದು ಮುಂದಿನ ಪ್ಯಾರಾದ ತಲೆಯ ಮೇಲೆ. ಅಂದರೆ ಗಾರ್ಡ್ ಹಿಂದಿಲ್ಲ, ಡ್ರೈವರ್ ಮುಂದಿದ್ದಾನೆ. ಇದೇ ಹುಡುಗಿ ಇದೇ ತಪ್ಪನ್ನು ರೈಟರ್‌ನಲ್ಲಿ ಮಾಡಿದ್ದರೆ ಅರವತ್ತು ಪುಟಕ್ಕೆ ಕೂದಲೂ ಕೊಂಕುತ್ತಿರಲಿಲ್ಲ. ಕೋಷ್ಟಕ ಮಾತ್ರ ಉದ್ದ ಪುಟದೊಳಗೆ ಇಕ್ಕಟ್ಟಾಗುತ್ತಿತ್ತು. ಪ್ರಬಂಧದ ಮಟ್ಟಿಗೆ ನನಗೆ ರೈಟರ್ ದಾರಿಯೇ ಜಾಸ್ತಿ ಹಿಡಿಸುತ್ತದೆ. ಆದರೆ ಗೈಡ್ ವರ್ಡ್‌ನಲ್ಲೇ ಕೇಳುತ್ತಾರೆ, ಏನು ಮಾಡುವುದು? ವರ್ಡ್ ಫೈಲನ್ನು ರೈಟರ್‌ನಲ್ಲಿ ತೆರೆದರೆ ಪ್ರತಿ ಸೆಕ್ಷನ್ನಿಗೂ ‘ಕನ್ವರ್ಟೆಡ್ 1’, ‘ಕನ್ವರ್ಟೆಡ್ 2’ ಅಂತ ಅನಾಥ ಹೆಸರಿನ ಪುಟ ಶೈಲಿಗಳು ಹುಟ್ಟಿಕೊಳ್ಳುತ್ತವೆ. ಹಿಂದಿನ ಗಾರ್ಡನ್ನು ಮುಂದಿನ ಡ್ರೈವರ್ ಮಾಡುವ ಕಷ್ಟ ಅದು. ಎರಡು-ಮೂರು ಸಲ ಅತ್ತಿಂದಿತ್ತ ಓಡಾಡಿದ ಫೈಲ್ ಯಾಕೆ ಹದಗೆಡುತ್ತದೆ ಅಂತ ಇದರಿಂದ ಊಹಿಸಬಹುದು.

ಅವಳ ಪುಟಗಳನ್ನು ಎಬ್ಬಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ಕೋಷ್ಟಕದ ಮುಂಚೆ ಹೊಸ ಸೆಕ್ಷನ್ ಬ್ರೇಕ್ ಹಾಕಿ, ಮೇಲಿನ ಭಾಗವನ್ನು ಮತ್ತೆ ಉದ್ದ ಮಾಡಿದೆ, ಅಷ್ಟೇ. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ತಲೆಬರಹಗಳ ಅಳತೆ 16 ಇರಬೇಕು ಅಂದಳು. ತಲೆಬರಹಗಳಿಗೆಲ್ಲ ಒಂದೇ ಆದ ಶೈಲಿಯಲ್ಲಿ (ಸ್ಟೈಲ್) ಬದಲಾಯಿಸಿದೆ. ಮೊದಲ ಎರಡು ಅಧ್ಯಾಯ ಮಾತು ಕೇಳಿದವು. ಉಳಿದ ಮೂರು ಕೇಳಲಿಲ್ಲ.

ಕೇಳಿದರೆ ಗೊತ್ತಾಯಿತು: ಮೊದಲೆರಡು ಅಧ್ಯಾಯ ಬೇರೆ ಕಡೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಟೈಪ್ ಮಾಡಿಸಿದ್ದು. ಉಳಿದದ್ದು ಅವಳೇ ಪ್ರತಿ ಲಿಪಿಗೂ ಬೇರೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ಹೊಡೆದದ್ದು. ಕಣ್ಣಿಗೆ ಎರಡೂ ಕನ್ನಡವೇ. ಕಂಪ್ಯೂಟರಿಗೆ ಹಾಗಲ್ಲ. ಯುನಿಕೋಡ್‌ನಲ್ಲಿ ‘ಕನ್ನಡ’ ಅಂದರೆ ಐದು ಸಂಕೇತ: ಕ, ನ, ವಿರಾಮ (ಒತ್ತಕ್ಷರ ಮಾಡುವ ಗುರುತು), ನ, ಡ. ಹಳೆಯ ಆಸ್ಕಿಯಲ್ಲಿ ಅದೇ ಪದ ಏಳು ತುಂಡು: ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಓರೆ ಗೆರೆ ಹೊತ್ತ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಒಂದು ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ಅಕ್ಷರಮಾದರಿ (ಫಾಂಟ್) ತೊಡಿಸಿದ ವೇಷದಿಂದ ಮಾತ್ರ ಅದು ಕನ್ನಡ.

ವರ್ಡ್ ಪ್ರತಿ ಅಕ್ಷರಕ್ಕೂ ಎರಡೆರಡು ಲೆಕ್ಕ ಇಡುತ್ತದೆ. ಲ್ಯಾಟಿನ್ ಲಿಪಿಗೆ ಒಂದು ಅಳತೆ, ಒಂದು ದಪ್ಪ, ಒಂದು ಅಕ್ಷರಮಾದರಿ. ಕನ್ನಡ, ಅರಬ್ಬಿಯಂಥ ‘ಸಂಕೀರ್ಣ’ ಲಿಪಿಗಳಿಗೆ ಬೇರೆ ಅಳತೆ, ಬೇರೆ ದಪ್ಪ, ಬೇರೆ ಅಕ್ಷರಮಾದರಿ. ರೈಟರ್‌ನಲ್ಲೂ ಹೀಗೆಯೇ. ಈ ಒಂದು ವಿಷಯದಲ್ಲಿ ಶತ್ರುಗಳಿಬ್ಬರೂ ಒಂದೇ ಪಂಗತಿಯಲ್ಲಿ ಕೂತಿದ್ದಾರೆ. ಆಸ್ಕಿ ಕನ್ನಡ ಲ್ಯಾಟಿನ್ ಖಾತೆಗೆ ಜಮಾ, ಯುನಿಕೋಡ್ ಕನ್ನಡ ಇನ್ನೊಂದು ಖಾತೆಗೆ. ನಾನು ಬದಲಾಯಿಸಿದ್ದು ಮೊದಲ ಖಾತೆಯನ್ನು ಮಾತ್ರ. ಅಕ್ಷರಗಳ ಡಬ್ಬಿ ತೆರೆದು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಅನ್ನುವ ಕಡೆಯೂ 16 ಕೊಟ್ಟ ಮೇಲೆ ಎಲ್ಲ ಸರಿಹೋಯಿತು.

ಆಸ್ಕಿ ಕನ್ನಡಕ್ಕೆ ಇನ್ನೊಂದು ಕಾಟ ಇದೆ. ವಾಕ್ಯದ ಮೊದಲ ಅಕ್ಷರವನ್ನು ದೊಡ್ಡದು ಮಾಡುವುದು ವರ್ಡ್‌ನ ಸೌಜನ್ಯ. ಆಸ್ಕಿಯಲ್ಲಿ ಸಣ್ಣ ಜಿ ಅಂದರೆ ‘ರ’ದ ತುಂಡು, ದೊಡ್ಡ ಜಿ ಅಂದರೆ ‘ಉ’. ಹಾಗಾಗಿ ‘ರೈತ’ ಅಂತ ವಾಕ್ಯ ಶುರು ಮಾಡಿದರೆ ರ ಹೋಗಿ ಉ ಬಂದು ಕೂರುತ್ತದೆ. ಆ ಸೌಜನ್ಯವನ್ನು ಮೊದಲೇ ಬಂದ್ ಮಾಡಿಡಬೇಕು.

ಸಾಲಿನ ಅಂತರವೂ ಕನ್ನಡಕ್ಕೆ ಸೂಕ್ಷ್ಮ. ‘ಎಕ್ಸಾಕ್ಟ್ಲಿ’ ಅಂತ ಒಂದು ಸಂಖ್ಯೆಗೆ ಕಟ್ಟಿಹಾಕಿದರೆ ‘ರಾಷ್ಟ್ರ’ದ ಕೆಳಗಿನ ಎರಡು ಒತ್ತು ಕತ್ತರಿಸಿಹೋಗಬಹುದು. ‘ಅಟ್ ಲೀಸ್ಟ್’ ವಾಸಿ.

ಇನ್ನು ಎರಡೂ ಅಂಚು ಸಮ ಮಾಡುವ ವಿಚಾರ. ಇದು ನನಗೆ ಬಹಳ ಇಷ್ಟದ ವಿಷಯ. ಇಂಗ್ಲಿಷ್ ಪದ ಗಿಡ್ಡ. ಒಂದು ಸಾಲಿಗೆ ಹತ್ತೋ ಹನ್ನೆರಡೋ ಹಿಡಿಯುತ್ತವೆ. ನಮ್ಮಲ್ಲಿ ‘ಮಾಡಿಕೊಳ್ಳಬೇಕಾಗಿರುವುದರಿಂದ’ ಅಂತ ಒಂದು ಬಂದರೆ ಅರ್ಧ ಸಾಲು ಅದಕ್ಕೇ ಹೋಯಿತು. ಅದು ಹಿಡಿಸದೆ ಕೆಳಗೆ ಇಳಿದರೆ, ಮೇಲೆ ಉಳಿದ ನಾಲ್ಕು ಪದ ಜಾತ್ರೆ ಮುಗಿದ ಮೇಲಿನ ಅಂಗಡಿಗಳ ಹಾಗೆ ದೂರ ದೂರ ನಿಲ್ಲುತ್ತವೆ. 2013ಕ್ಕಿಂತ ಹಿಂದಿನ ವರ್ಡ್‌ಗಳಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಅವು ಮಾಮೂಲಾಗಿ ಪದಗಳ ನಡುವಿನ ಜಾಗವನ್ನು ಹಿಗ್ಗಿಸುತ್ತಿದ್ದವೇ ಹೊರತು ಕುಗ್ಗಿಸುತ್ತಿರಲಿಲ್ಲ. ವರ್ಡ್‌ಪರ್ಫೆಕ್ಟ್ ಕುಗ್ಗಿಸಲೂ ತಯಾರಿತ್ತು. ಕೂದಲೆಳೆಯಷ್ಟು ಜಾಗ ಸಾಲದೆ ಬಂದರೆ ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಇನ್ನೊಬ್ಬರಿಗೆ ಸೀಟು ಕೊಟ್ಟಂತೆ. ಗದಗಿನ ಬಸ್ಸಿನಲ್ಲಿ ನಾವು ಮಾಡುವುದೂ ಅದನ್ನೇ.

ಎದುರಾಳಿಯ ಈ ಗುಣ ಎಷ್ಟು ಚೆನ್ನಾಗಿತ್ತೆಂದರೆ ಅದು ವರ್ಡ್‌ನ ಒಳಗೇ ಸೇರಿತು. ಹಳೆಯ ವರ್ಡ್‌ಗಳ ಆಯ್ಕೆಗಳ ಉದ್ದ ಪಟ್ಟಿಯಲ್ಲಿ ‘ವಿಂಡೋಸ್‌ನ ವರ್ಡ್‌ಪರ್ಫೆಕ್ಟ್ 6 ಮಾಡುವ ಹಾಗೆ ಅಂಚು ಸಮ ಮಾಡು’ ಎಂಬರ್ಥದ ಒಂದು ಗೆರೆ ಇತ್ತು. ಟಿಕ್ ಹಾಕಿದರೆ ಕನ್ನಡದ ಪುಟ ಥಟ್ಟನೆ ಅಚ್ಚುಕಟ್ಟಾಗುತ್ತಿತ್ತು. ಡಾಕ್ಸ್ ಮಾದರಿಯನ್ನು 2006ರಲ್ಲಿ ಮಾನದಂಡವಾಗಿ ಬರೆದಾಗ ಆ ಸುಮಾರು ಆರು ಸಾವಿರ ಪುಟಗಳ ದಸ್ತಾವೇಜಿನಲ್ಲೂ ಇದಕ್ಕೆ ಜಾಗ ಸಿಕ್ಕಿತು. ಸೋತ ಪೈಲ್ವಾನನ ಪಟ್ಟು ಗೆದ್ದವನ ಅಖಾಡದಲ್ಲಿ ಉಳಿದುಕೊಂಡ ಹಾಗೆ.

ಹುಡುಗಿ ಪ್ರಬಂಧ ಒಪ್ಪಿಸಿದಳು. ಕೆಲವು ತಿಂಗಳ ಮೇಲೆ ಅದನ್ನೇ ಪುಸ್ತಕ ಮಾಡಿಸಲು ಮತ್ತೆ ಬಂದಳು. ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿನ ಒಂದು ಪ್ರೆಸ್ಸಿಗೆ ಫೋನ್ ಮಾಡಿದೆ.

“ಯುನಿಕೋಡ್ ಬ್ಯಾಡ್ರಿ ಸರ. ನಮ್ಮಲ್ಲಿ ಪೇಜ್‌ಮೇಕರ್ ಐತ್ರಿ. ನುಡಿಯೊಳಗ ಕಳಸ್ರಿ.”

ಅವರು ಹೇಳಿದ್ದು ಸರಿಯೇ. ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಅದು ಬಂದದ್ದು 2001ರಲ್ಲಿ. ಅದಕ್ಕೆ ಯುನಿಕೋಡ್ ತಿಳಿಯುವುದಿಲ್ಲ. ಮೂರು ಅಧ್ಯಾಯವನ್ನು ಆಸ್ಕಿಗೆ ತಿರುಗಿಸಿದರೆ ದಪ್ಪ, ಓರೆ, ಅಡಿಟಿಪ್ಪಣಿ ಎಲ್ಲ ಕೈಯಾರೆ ಮತ್ತೆ ಹಾಕಬೇಕು. ಬೇಡ ಅನ್ನಿಸಿತು. ಎಲ್ಲವನ್ನೂ ಯುನಿಕೋಡ್ ಮಾಡಿ, ರೈಟರ್‌ನಲ್ಲಿ ಪುಟ ಕಟ್ಟಿ, ಪಿಡಿಎಫ್ ಕಳಿಸಿದೆ. ಪುಟ ಕದಲುವ ಭಯವೇ ಇಲ್ಲ. ಮಾರನೇ ದಿನ ಪ್ರೆಸ್ಸಿನಿಂದ ಫೋನ್ ಬಂತು.

“ಸರ, ಭಾಳ ಚಂದ ಬಂದೈತ್ರಿ. ನಲವತ್ತೆರಡನೇ ಪುಟದಾಗ ‘ಬ್ಯಾಡಗಿ’ ತಪ್ಪಾಗೈತಿ, ನಾವ ತಿದ್ದೋಣು ಅಂದ್ರ ಇದು ಕೈಗೆ ಸಿಗವಲ್ದರಿ. ನೀವ ತಿದ್ದಿ ಇನ್ನೊಮ್ಮೆ ಕಳಸ್ರಲ್ಲಾ.”