ಓದುಗರ ಪ್ರಶ್ನೆ: ಆಮಿಶ್ ಊರಲ್ಲಿ ಕರೆಂಟೇ ಇಲ್ವಂತೆ, ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

"ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಆರು ವರ್ಷದ ಮಗಳನ್ನೂ ಕರೆದುಕೊಂಡು ಈ ಭಾನುವಾರ ಲ್ಯಾಂಕಾಸ್ಟರ್ ಕಡೆ ಆಮಿಶ್ ಹಳ್ಳಿ ನೋಡಿ ಬರೋಣ ಅಂತಿದ್ದೇವೆ. ಏನೇನು ನೋಡಬೇಕು? ಯಾವ ತಿಂಗಳು ಒಳ್ಳೆಯದು? ಅಲ್ಲಿ ಕರೆಂಟೇ ಇಲ್ವಂತೆ, ಫೋನ್ ಚಾರ್ಜಿಗೆ ಏನು ಮಾಡೋದು?"

ಬೇಸಿಗೆ ಬಂತು ಅಂದರೆ ಈ ಪ್ರಶ್ನೆಯೂ ಬಂತು. ನ್ಯೂಜೆರ್ಸಿಯ ಕನ್ನಡದ ಮನೆಗಳಿಗೆ ಊರಿಂದ ಹಿರಿಯರು ಬರುವ ಕಾಲ ಅದು. ನಯಾಗರ ಆಯ್ತು, ವಾಷಿಂಗ್ಟನ್ ಆಯ್ತು, ಇನ್ನೇನು ಉಳಿದಿದೆ ಅಂದಾಗ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿ ನೆನಪಾಗುತ್ತದೆ. ಕಾರು ಇಟ್ಟುಕೊಳ್ಳದೆ ಕುದುರೆಗಾಡಿಯಲ್ಲಿ ಓಡಾಡುವ, ಸರಳವಾಗಿ ಬದುಕುವ ಆಮಿಶ್ ಎಂಬ ಕ್ರೈಸ್ತ ಪಂಥದವರ ಸೀಮೆ ಅದು. ನ್ಯೂಜೆರ್ಸಿಯ ಎಡಿಸನ್ ಊರಿನಿಂದ ಕಾರಲ್ಲಿ ಹೆಚ್ಚುಕಮ್ಮಿ ಎರಡೂವರೆ ಗಂಟೆ. ಫೋನಲ್ಲಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಮೊದಲನೆಯದು, ಭಾನುವಾರ ಬೇಡ. ಅವತ್ತು ಆಮಿಶರ ಅಂಗಡಿ, ಮನೆ ಮುಂದಿನ ತರಕಾರಿ ಮೇಜು ಎಲ್ಲ ಬಂದ್. ಅವರಿಗೆ ಚರ್ಚ್ ಕಟ್ಟಡವೇ ಇಲ್ಲ. ಎರಡು ವಾರಕ್ಕೊಮ್ಮೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆ. ಕೂರುವ ಬೆಂಚುಗಳು ಗಾಡಿ ಹತ್ತಿ ಮನೆಯಿಂದ ಮನೆಗೆ ಹೋಗುತ್ತವೆ. ಶನಿವಾರ ಹೋಗಿ. ಲ್ಯಾಂಕಾಸ್ಟರ್ ಪೇಟೆಯ ಸೆಂಟ್ರಲ್ ಮಾರ್ಕೆಟ್ ಮಂಗಳವಾರ, ಶುಕ್ರವಾರ, ಶನಿವಾರ ಮಾತ್ರ ತೆರೆಯುತ್ತದೆ. 1889ರ ಇಟ್ಟಿಗೆ ಕಟ್ಟಡ. ಬೆಳಗ್ಗೆ ಅಲ್ಲಿ ಒಂದು ಸುತ್ತು ಹಾಕಿದರೆ ಬುತ್ತಿಯ ಕೆಲಸ ಅಲ್ಲೇ ಮುಗಿಯುತ್ತದೆ.

ಮಗಳಿಗೂ ತಾತನಿಗೂ ಒಟ್ಟಿಗೆ ಹಿಡಿಸುವುದು ಸ್ಟ್ರಾಸ್‌ಬರ್ಗ್ ರೈಲು. 1832ರಲ್ಲಿ ಶುರುವಾದ ಕಂಪನಿ, ಈಗಲೂ ಉಗಿ ಎಂಜಿನ್ ಓಡಿಸುತ್ತಿದೆ. ಹೋಗಿ ಬರಲು 45 ನಿಮಿಷ. ಆಚೆ ತುದಿಯ ಊರಿನ ಹೆಸರು ಪ್ಯಾರಡೈಸ್. "ಸ್ವರ್ಗಕ್ಕೆ ಹೋಗಿ ವಾಪಸ್ ಬಂದೆ" ಎಂದು ನಮ್ಮ ಮಾವನವರು ಮೈಸೂರಿಗೆ ಫೋನ್ ಮಾಡಿ ಹೇಳಿದ್ದರು. ದಾರಿಯುದ್ದಕ್ಕೂ ಆಮಿಶರ ಹೊಲಗಳು, ಹೇಸರಗತ್ತೆ ಕಟ್ಟಿ ಉಳುವವರು. ರೈಲ್ವೆ ಮ್ಯೂಸಿಯಂ ರಸ್ತೆ ದಾಟಿದರೆ ಸಿಗುತ್ತದೆ.

ಮನೆಯೊಳಗೆ ಹೇಗಿರುತ್ತದೆ ಎಂದು ನೋಡಬೇಕಾದರೆ ಆಮಿಶ್ ಫಾರ್ಮ್ ಅಂಡ್ ಹೌಸ್‌ಗೆ ಹೋಗಿ. 1805ರ ಕಲ್ಲಿನ ಮನೆ, 1955ರಿಂದ ಜನರಿಗೆ ತೋರಿಸುತ್ತಿದ್ದಾರೆ. ಪಕ್ಕದಲ್ಲೇ ದೊಡ್ಡ ಟಾರ್ಗೆಟ್ ಅಂಗಡಿ ಇದೆ, ದಾರಿ ತಪ್ಪಿತು ಎಂದು ಗಾಬರಿಯಾಗಬೇಡಿ. ಗೋಡೆಯ ಗೂಟಗಳಿಗೆ ಬಟ್ಟೆ ನೇತು ಹಾಕಿರುತ್ತಾರೆ. ಹೆಂಗಸರ ಉಡುಪಿಗೆ ಗುಂಡಿ ಇಲ್ಲ, ಗುಂಡುಸೂಜಿ ಚುಚ್ಚಿಕೊಳ್ಳುತ್ತಾರೆ. ಸೀರೆಗೆ ಪಿನ್ನು ಹಾಕಿ ಅಭ್ಯಾಸವಿರುವ ನಮ್ಮ ಅಮ್ಮಂದಿರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಇದು ಮ್ಯೂಸಿಯಂ, ಯಾರೂ ವಾಸ ಮಾಡುವುದಿಲ್ಲ ಅನ್ನುವುದು ನೆನಪಿರಲಿ. ಆಚೆ ಈಚೆ ಇರುವ ಮನೆಗಳು ಮ್ಯೂಸಿಯಂ ಅಲ್ಲ, ಅಲ್ಲಿ ಇಣುಕಬೇಡಿ.

ಈಗ ಕರೆಂಟಿನ ವಿಷಯ. ಎಷ್ಟು ಸಲ ಹೇಳಿದರೂ ಈ ಕತೆ ಸಾಯುವುದಿಲ್ಲ.

ಆಮಿಶರು ಕರೆಂಟ್ ಮುಟ್ಟುವುದಿಲ್ಲ, ಯಂತ್ರ ಕಂಡರೆ ಆಗುವುದಿಲ್ಲ, ಇನ್ನೂರು ವರ್ಷದ ಹಿಂದೆ ನಿಂತುಬಿಟ್ಟಿದ್ದಾರೆ ಎನ್ನುವುದು ಶುದ್ಧ ತಪ್ಪು. ಅವರು ಬೇಡವೆಂದಿದ್ದು ಕಂಬದಿಂದ ಮನೆಗೆ ಲೈನ್ ಎಳೆಸಿಕೊಳ್ಳುವುದನ್ನು. ಸುಮಾರು 1920ರ ಹೊತ್ತಿಗೆ ಲ್ಯಾಂಕಾಸ್ಟರಿನ ಹಿರಿಯರು ಹಾಗೆ ತೀರ್ಮಾನಿಸಿದರು. ಬ್ಯಾಟರಿ ಆಗಬಹುದು. ಡೀಸೆಲ್ ಎಂಜಿನ್ ಆಗಬಹುದು. ಬಡಗಿ ಕೆಲಸದ ಶೆಡ್ಡಿನ ಹಿಂದೆ ಡೀಸೆಲ್ ಎಂಜಿನ್ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುತ್ತದೆ. ಆ ಗಾಳಿ ಪೈಪಿನಲ್ಲಿ ಬಂದು ಡ್ರಿಲ್ಲು, ಮರ ಉಜ್ಜುವ ಯಂತ್ರ, ಹೊಲಿಗೆ ಮಿಷನ್ನು ಎಲ್ಲವನ್ನೂ ತಿರುಗಿಸುತ್ತದೆ. ಇದಕ್ಕೆ 'ಆಮಿಶ್ ಕರೆಂಟ್' ಅಂತಲೇ ತಮಾಷೆಯ ಹೆಸರಿದೆ. ಫ್ರಿಜ್ಜು ಗ್ಯಾಸಿನಲ್ಲಿ ನಡೆಯುತ್ತದೆ. ಹಾಲು ತಣ್ಣಗಿಟ್ಟೇ ಕೊಡಬೇಕು ಎಂದು 1960ರ ದಶಕದ ಕೊನೆಗೆ ಕಂಪನಿಗಳು ಪಟ್ಟು ಹಿಡಿದಾಗ ಡೀಸೆಲ್ಲಿನಲ್ಲಿ ನಡೆಯುವ ತಂಪು ಟ್ಯಾಂಕಿಗೆ ಒಪ್ಪಿಕೊಂಡರು. ಹಾಲು ಕಲಕಲು 12 ವೋಲ್ಟ್ ಬ್ಯಾಟರಿ. ಆದರೆ ಭಾನುವಾರ ಹಾಲಿನ ಲಾರಿ ಬರಕೂಡದು ಎಂದರು!

ಹೊಲಕ್ಕೆ ಬನ್ನಿ. ಹುಲ್ಲು ಕಟ್ಟುವ ಯಂತ್ರ ನಾನು ಮೊದಲು ನೋಡಿದ್ದು ರಸ್ತೆ ಬದಿ ಕಾರು ನಿಲ್ಲಿಸಿ. ಅದರ ಮೇಲೆ ಎಂಜಿನ್ ಗುರ್ ಎನ್ನುತ್ತಿತ್ತು, ಹುಲ್ಲಿನ ಪೆಂಡಿ ಒಂದೊಂದಾಗಿ ಹಿಂದೆ ಬೀಳುತ್ತಿತ್ತು. ಯಂತ್ರವನ್ನು ಎಳೆಯುತ್ತಿದ್ದದ್ದು ಮಾತ್ರ ಹೇಸರಗತ್ತೆಗಳು. ಕುದುರೆಗಾಡಿಯೂ ಹಾಗೆಯೇ. ಇಲ್ಲಿನ ಬೂದು ಬಣ್ಣದ ಬಗ್ಗಿ ಇಂಡಿಕೇಟರ್ ಹಾಕಿಕೊಂಡು ಎಡಕ್ಕೆ ತಿರುಗುತ್ತದೆ. ಕಾರು ಇಟ್ಟುಕೊಳ್ಳುವ ಹಾಗಿಲ್ಲ, ಬಾಡಿಗೆ ವ್ಯಾನಿನಲ್ಲಿ ಕೂತು ಹೋಗಬಹುದು. ಫೋನು ಅಡುಗೆಮನೆಯಲ್ಲಿ ಬೇಡ, ಹೊಲದ ಅಂಚಿನ ಪುಟ್ಟ ಗೂಡಿನಲ್ಲಿ ಇರಬಹುದು.

"ಇದೇನು ಕಪಟ, ಬೇಕಾದ್ದು ಬಳಸೋದು, ಬೇಡಾದ್ದು ಬಿಡೋದು" ಎಂದು ಮೂಗು ಮುರಿಯುವವರೂ ಇದ್ದಾರೆ. ಸ್ವಲ್ಪ ತಾಳಿ. ಅವರು ಯಂತ್ರವನ್ನು ಕೇಳುವ ಪ್ರಶ್ನೆಯೇ ಬೇರೆ. ಇದು ಬಂದರೆ ಮನೆಮಂದಿ ಒಟ್ಟಿಗೆ ಇರುತ್ತಾರಾ, ಚದುರುತ್ತಾರಾ? ಪಕ್ಕದವರ ಸಹಾಯ ಕೇಳುವುದು ನಿಂತು ಹೋಗುತ್ತದಾ? ಕಾರಿದ್ದರೆ ಮಗ ಎಲ್ಲಿಗಾದರೂ ಹೋಗಬಹುದು, ಕುದುರೆ ಇದ್ದರೆ ಸಂಜೆಗೆ ಮನೆಗೆ ಬರಲೇಬೇಕು. ಇಪ್ಪತ್ತೈದು, ಮೂವತ್ತು, ನಲವತ್ತು ಮನೆಗೆ ಒಂದು ಸಭೆ. ವರ್ಷಕ್ಕೆ ಎರಡು ಸಲ ಕೂತು ನಿಯಮ ಮಾತಾಡಿ ಒಪ್ಪುತ್ತಾರೆ. ಅದಕ್ಕೇ ಒಂದು ಊರಿನ ಆಮಿಶರಿಗೆ ಸರಿ ಅನಿಸಿದ್ದು ಇನ್ನೊಂದು ಊರಿನವರಿಗೆ ಸರಿಯಲ್ಲ.

ಅಂದ ಹಾಗೆ, ಲ್ಯಾಂಕಾಸ್ಟರಿನ ಹೋಟೆಲು, ಅಂಗಡಿ, ರೈಲು ನಿಲ್ದಾಣದಲ್ಲೆಲ್ಲ ಎಲ್ಲ ಕಡೆಯ ಹಾಗೆ ಕರೆಂಟ್ ಇದೆ. ಫೋನ್ ಚಾರ್ಜ್ ಆಗುತ್ತದೆ. ಆದರೆ ಆ ಫೋನಿನಿಂದ ಆಮಿಶರ ಮುಖದ ಫೋಟೊ ತೆಗೆಯಬೇಡಿ. ಪೋಸು ಕೊಡುವುದು ಅವರಿಗೆ ಧರ್ಮಕ್ಕೆ ವಿರುದ್ಧ. ಕುದುರೆಯ ಫೋಟೊ ತೆಗೆಯಿರಿ, ಬೇಜಾರಿಲ್ಲ.

ಯಾವ ತಿಂಗಳು ಅಂತ ಕೇಳಿದಿರಿ. ನನ್ನನ್ನು ಕೇಳಿದರೆ ಅಕ್ಟೋಬರ್. ಲ್ಯಾಂಡಿಸ್ ವ್ಯಾಲಿ ಎಂಬ ಹಳೆಯ ಹಳ್ಳಿ ಮ್ಯೂಸಿಯಂನಲ್ಲಿ ಸುಗ್ಗಿಯ ದಿನಗಳು ನಡೆಯುತ್ತವೆ. ಹೆನ್ರಿ ಮತ್ತು ಜಾರ್ಜ್ ಲ್ಯಾಂಡಿಸ್ ಎಂಬ ಅಣ್ಣತಮ್ಮ 1925ರಲ್ಲಿ ಶುರು ಮಾಡಿದ ಜಾಗ. ಈ ಸೀಮೆಯಲ್ಲಿ ಸೇಬಿನ ತಿರುಳನ್ನು ತಾಮ್ರದ ಕೊಪ್ಪರಿಗೆಯಲ್ಲಿ ಗಂಟೆಗಟ್ಟಲೆ ತಿರುವಿ 'ಆಪಲ್ ಬಟರ್' ಮಾಡುತ್ತಾರೆ. ಹೆಸರಲ್ಲಿ ಬೆಣ್ಣೆ ಇದೆ, ಒಳಗಿಲ್ಲ. ಅಮ್ಮನಿಗೆ ಆಲೆಮನೆ ನೆನಪಾಗುವುದು ಖಂಡಿತ. ಮಕ್ಕಳಿಗೆ ಅದೇ ಹೊತ್ತಿನಲ್ಲಿ ಚೆರ್ರಿ ಕ್ರೆಸ್ಟ್ ತೋಟದಲ್ಲಿ ಮುಸುಕಿನ ಜೋಳದ ಹೊಲದೊಳಗೆ ದಾರಿ ಹುಡುಕುವ ಚಕ್ರವ್ಯೂಹ. ಡಿಸೆಂಬರಿನಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಸಾಂಟಾ ರೈಲು.

ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು 'ಮಡ್ ಸೇಲ್', ಅಂದರೆ ಕೆಸರಿನ ಹರಾಜು. ಫೆಬ್ರವರಿ ಕೊನೆಯಿಂದ ವಸಂತದುದ್ದಕ್ಕೂ, ಹಿಮ ಕರಗಿ ನೆಲ ಪಿಚಿಪಿಚಿ ಎನ್ನುವಾಗ ನಡೆಯುತ್ತದೆ. ಕೌದಿ, ಬಗ್ಗಿ, ನೇಗಿಲು, ಕೋಳಿ ಎಲ್ಲವೂ ಹರಾಜಿಗೆ. ನಾಲ್ಕೈದು ಕಡೆ ಒಟ್ಟಿಗೆ ಕೂಗುತ್ತಿರುತ್ತಾರೆ. ದುಡ್ಡು ಊರಿನ ಅಗ್ನಿಶಾಮಕ ದಳಕ್ಕೆ. ಆ ದಳದಲ್ಲಿ ಆಮಿಶರೂ ಸ್ವಯಂಸೇವಕರು. ಬೆಂಕಿ ಎಂಜಿನ್ ಹತ್ತಿ ಹೋಗುತ್ತಾರೆ, ಓಡಿಸುವುದಿಲ್ಲ. ಮಗಳಿಗೆ ರಬ್ಬರ್ ಬೂಟು ಹಾಕಿ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. 'ಪೆನ್ಸಿಲ್ವೇನಿಯಾ ಡಚ್' ಎಂಬ ಬೋರ್ಡು ನೋಡಿ ಹಾಲೆಂಡ್ ಎಂದುಕೊಳ್ಳಬೇಡಿ. ಅದು 'ಡೈಚ್', ಜರ್ಮನ್ನಿನ ಒಂದು ಆಡುನುಡಿ. ಇವರ ಹಿರಿಯರು 1700ರ ದಶಕದಲ್ಲಿ ಹೊತ್ತು ತಂದದ್ದು. ಮನೆಯಲ್ಲಿ ಡೈಚ್, ಬೈಬಲ್ ಹಳೆಯ ಜರ್ಮನ್ನಿನಲ್ಲಿ, ಹೊರಗಿನವರ ಜೊತೆ ಇಂಗ್ಲಿಷ್. ಮಕ್ಕಳು ಇಂಗ್ಲಿಷ್ ಸರಿಯಾಗಿ ಕಲಿಯುವುದೇ ಶಾಲೆಗೆ ಹೋದ ಮೇಲೆ. ನಮ್ಮಲ್ಲಿ ಎರಡನೇ ತಲೆಮಾರಿಗೇ "ಅರ್ಥ ಆಗುತ್ತೆ, ಮಾತಾಡಲ್ಲ" ಶುರುವಾಗುತ್ತದೆ. ತರಕಾರಿ ಮೇಜಿನ ಹಿಂದೆ ನಿಂತ ಪುಟ್ಟ ಹುಡುಗಿ ನಿಮಗೆ ಇಂಗ್ಲಿಷಿನಲ್ಲಿ ಚಿಲ್ಲರೆ ಎಣಿಸಿ ಕೊಟ್ಟು, ತಿರುಗಿ ತಮ್ಮನನ್ನು ಡೈಚಿನಲ್ಲಿ ಗದರುತ್ತಾಳೆ. ಕಿವಿ ಕೊಟ್ಟು ಕೇಳಿ.

ಊಟ: ಕಾಕಂಬಿ ಹಾಕಿದ ಶೂಫ್ಲೈ ಪೈ ರುಚಿ ಜೋನಿಬೆಲ್ಲದ ಹತ್ತಿರ ಬರುತ್ತದೆ. ಆದರೆ ಪೈ ಹಿಟ್ಟಿಗೆ ಹಂದಿ ಕೊಬ್ಬು ಹಾಕುವುದುಂಟು. ಕೇಳಿಯೇ ತಗೊಳ್ಳಿ. ಇನ್ನು 'ಚೌ ಚೌ' ಎಂಬ ಬೋರ್ಡು ಕಂಡರೆ ಅಪ್ಪನಿಗೆ ಮೊದಲೇ ತಿಳಿಸಿ. ಖಾರಾಬಾತೂ ಇಲ್ಲ, ಕೇಸರಿಬಾತೂ ಇಲ್ಲ. ಅದು ಸೀಸೆಯಲ್ಲಿ ತುಂಬಿದ ತರಕಾರಿಯ ಹುಳಿಸಿಹಿ ಉಪ್ಪಿನಕಾಯಿ. ನಮ್ಮ ಮಾವನವರು ಅದನ್ನು ಮೂರು ವಾರ ಚಪಾತಿ ಜೊತೆ ತಿಂದು ಖಾಲಿ ಮಾಡಿದರು.